ಹೈನೆಯನ್ನು ಓದುವುದು ಹೇಗೆ: ಪುಣೆಯಲ್ಲಿ ಜರ್ಮನ್ ಕಲಿತು ಅರ್ಧಕ್ಕೆ ಬಿಟ್ಟವರಿಗೆ

ಪುಣೆಯಲ್ಲಿ ಜರ್ಮನ್ ಕಲಿಯುವ ಕನ್ನಡಿಗರಿಗೆ ಬರವಿಲ್ಲ. ಒಬ್ಬರು ಚಾಕಣದ ಕಾರ್ಖಾನೆಯಲ್ಲಿ ಪ್ರಮೋಶನ್ ಸಿಗಲಿ ಅಂತ ಕಲಿಯುತ್ತಾರೆ, ಇನ್ನೊಬ್ಬರು ನರ್ಸಿಂಗ್ ವೀಸಾಕ್ಕೆ, ಮತ್ತೊಬ್ಬರು ಮಗ ಮ್ಯೂನಿಕ್‌ನಲ್ಲಿದ್ದಾನೆ ಅಂತ. ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲೋ ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಎ2 ಅನ್ನುವ ಎರಡನೇ ಹಂತ ಮುಗಿಸುತ್ತಾರೆ, ಸರ್ಟಿಫಿಕೇಟ್ ಲ್ಯಾಮಿನೇಶನ್ ಮಾಡಿಸುತ್ತಾರೆ, ಅಲ್ಲಿಗೆ ಜರ್ಮನ್ ಮುಗಿಯಿತು. ಸ್ಟೇಶನ್ ಎಲ್ಲಿದೆ, ಟೊಮೆಟೊ ಕಿಲೋ ಎಷ್ಟು ಅನ್ನುವಷ್ಟಕ್ಕೆ ಒಂದು ಭಾಷೆ ನಿಂತುಬಿಡುತ್ತದೆ. ನನ್ನದೂ ಹಾಗೇ ಆಗಿತ್ತು. ಆಮೇಲೆ ಜರ್ಮನ್ ಕವಿ ಹೈನ್ರಿಷ್ ಹೈನೆ ಸಿಕ್ಕ.

ನಿಮ್ಮ ಆ ಅರೆಬರೆ ಜರ್ಮನ್ ಹಿಡಿದುಕೊಂಡೇ ಅವನನ್ನು ಓದಬಹುದು. ಹೇಗೆ ಅಂತ ಹೇಳುತ್ತೇನೆ. ಗಯಟೆ, ಹೋಲ್ಡರ್ಲಿನ್ ಥರದ ಕವಿಗಳನ್ನು ಆಮೇಲೆ ನೋಡಿಕೊಳ್ಳಿ. ಅವರಲ್ಲಿ ಒಂದು ವಾಕ್ಯಕ್ಕೆ ಕ್ರಿಯಾಪದ ಹುಡುಕುವಷ್ಟರಲ್ಲಿ ನಿಮ್ಮ ಸ್ಟಾಪ್ ಬಂದುಬಿಡುತ್ತದೆ. ಹೈನೆ ಹಾಗಲ್ಲ. ಎಂಟು ಸಾಲು, ಮಾಮೂಲಿ ಪದಗಳು, ಜನಪದ ಹಾಡಿನ ಧಾಟಿ.

ಮೊದಲು ಹೆಸರಿನ ವಿಷಯ ಮುಗಿಸೋಣ. ನಾನು ಇವನನ್ನು ಓದುತ್ತಿದ್ದೇನೆ ಅಂತ ರಬಕವಿಯಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು, "ಹೈನಾ? ಆಕಳಾ ಸಾಕ್ಯಾನೇನಪಾ ಅಂವಾ?" ಅಂದಿದ್ದರು. ನಕ್ಕು ಸುಮ್ಮನಾಗಿದ್ದೆ. ಆದರೆ ತಮಾಷೆ ಏನೆಂದರೆ ಆ ಮನುಷ್ಯ ನಿಜವಾಗಿಯೂ ಒಂದು ಆಕಳ ಮೇಲೆ ಪದ್ಯ ಬರೆದಿದ್ದಾನೆ, ಅದೂ ನಮ್ಮ ವಸಿಷ್ಠರ ಆಕಳು. ಅದರಿಂದಲೇ ಶುರು ಮಾಡಿ. ಯಾಕೆಂದರೆ ಅದರಲ್ಲಿ ಅರ್ಧ ಪದಗಳು ನಿಮಗೆ ಆಗಲೇ ಗೊತ್ತು.

"ಡೆನ್ ಕೋನಿಗ್ ವಿಶ್ವಾಮಿತ್ರ" ಅಂತ ಶುರುವಾಗುತ್ತದೆ. ಕೋನಿಗ್ ಅಂದರೆ ರಾಜ. ಕನ್ನಡದಲ್ಲಿ ಹೀಗೆ ಹೇಳಬಹುದು: ರಾಜ ವಿಶ್ವಾಮಿತ್ರನಿಗೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ. ಕಾದಾಡಿಯೋ ತಪಸ್ಸು ಮಾಡಿಯೋ ವಸಿಷ್ಠರ ಹಸು ಬೇಕಂತೆ. ಓ ರಾಜ ವಿಶ್ವಾಮಿತ್ರ, ಎಂಥ ಎತ್ತಯ್ಯಾ ನೀನು! ಇಷ್ಟೆಲ್ಲ ಕಾದಾಟ, ಇಷ್ಟೆಲ್ಲ ತಪಸ್ಸು, ಒಂದು ಹಸುವಿಗಾಗಿ!

ಅಷ್ಟೇ ಪದ್ಯ. ಜರ್ಮನ್‌ನಲ್ಲಿ ರೂ, ಕೂ, ಡೂ, ಮತ್ತೆ ಕೂ ಅಂತ ಪ್ರಾಸ ಬಡಿಯುತ್ತಾ ಹೋಗುತ್ತದೆ. ಈಗ "ಎತ್ತು" ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಿ. ಅವನು ಬರೆದದ್ದು "ಓಕ್ಸ್". ಜರ್ಮನ್ನರಿಗೆ ಅದು ಬೈಗುಳ, ದಡ್ಡ ಅಂತ. ನಮ್ಮಲ್ಲಿ ಎತ್ತು ಬೈಗುಳವಲ್ಲ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದು ಮೆರವಣಿಗೆ ಮಾಡುತ್ತೇವೆ. ಬೈಯಬೇಕಾದರೆ ನಮಗೆ ಕೋಣ ಬೇಕು. ಆದರೆ ಕೋಣ ಅಂದರೆ ಹಸುವಿನ ಜೋಡಿ ತಪ್ಪುತ್ತದೆ, ಎತ್ತು ಅಂದರೆ ಬೈಗುಳ ತಪ್ಪುತ್ತದೆ. ನಾನು ಎರಡು ವಾರ ಯೋಚಿಸಿ ಕೊನೆಗೆ ಕೋಣ ಅಂತ ಬರೆದುಕೊಂಡೆ, ಈಗಲೂ ಸಮಾಧಾನವಿಲ್ಲ. ಹೈನೆಯನ್ನು ಓದುವುದು ಅಂದರೆ ಇದೇ. ಪದ ಸುಲಭ, ತೂಕ ಕಷ್ಟ.

ಡುಸ್ಸೆಲ್‌ಡಾರ್ಫ್‌ನ ಯಹೂದಿ ಹುಡುಗನಿಗೆ ವಿಶ್ವಾಮಿತ್ರ ಹೇಗೆ ಗೊತ್ತು ಅಂತ ಕೇಳುತ್ತೀರಿ ಅಲ್ವಾ? ಆಗ ಜರ್ಮನಿಯಲ್ಲಿ ಸಂಸ್ಕೃತದ ಹುಚ್ಚು ಹತ್ತಿತ್ತು. ಹೈನೆ ಕಾನೂನು ಓದಲು ಹೋದದ್ದು ಬಾನ್‌ಗೆ, ಅಲ್ಲಿ ಅವನು ಕೂತು ಕೇಳಿದ್ದು ಆಗಸ್ಟ್ ವಿಲ್ಹೆಲ್ಮ್ ಶ್ಲೇಗೆಲ್‌ನ ಪಾಠ. ಜರ್ಮನಿಯ ಮೊದಲ ಸಂಸ್ಕೃತ ಪ್ರೊಫೆಸರ್ ಅವನೇ. ಆಮೇಲೆ ಬರ್ಲಿನ್‌ಗೆ ಹೋದರೆ ಅಲ್ಲಿ ಫ್ರಾನ್ಸ್ ಬಾಪ್. ಬಾಪ್ 1816ರಲ್ಲಿ ಸಂಸ್ಕೃತ ಧಾತುರೂಪಗಳನ್ನು ಗ್ರೀಕ್, ಲ್ಯಾಟಿನ್ ಜೊತೆ ಹೋಲಿಸಿ ಬರೆದ ಪುಸ್ತಕದಲ್ಲೇ ರಾಮಾಯಣದ ವಿಶ್ವಾಮಿತ್ರನ ತಪಸ್ಸಿನ ಭಾಗವನ್ನೂ ಜರ್ಮನ್‌ಗೆ ತಂದಿದ್ದ. ಪಂಡಿತರು ಭಕ್ತಿಯಿಂದ ಅನುವಾದಿಸಿದ್ದನ್ನು ಈ ಕಾನೂನು ವಿದ್ಯಾರ್ಥಿ ಎಂಟು ಸಾಲಿನಲ್ಲಿ ಚಿವುಟಿ ಬಿಟ್ಟ.

ಪದ್ಯ ಎಲ್ಲಿ ಸಿಗುತ್ತದೆ? ದುಡ್ಡು ಖರ್ಚು ಮಾಡಬೇಡಿ. ಹೈನೆ ಸತ್ತು 165 ವರ್ಷದ ಮೇಲಾಯಿತು, ಹಕ್ಕುಸ್ವಾಮ್ಯದ ಗೊಡವೆಯಿಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲವೂ ಬಿಟ್ಟಿಯಾಗಿ ಇದೆ. ಪುಸ್ತಕವೇ ಬೇಕು ಅನ್ನುವವರು ರೆಕ್ಲಾಮ್ ಪ್ರಕಾಶನದ ಪುಟ್ಟ ಹಳದಿ ಪುಸ್ತಕ ತರಿಸಿಕೊಳ್ಳಿ, ಶರ್ಟಿನ ಜೇಬಿಗೆ ಹಿಡಿಸುತ್ತದೆ. ಬೇಕಾದ ಸಂಕಲನದ ಹೆಸರು "ಬೂಖ್ ಡೆರ್ ಲೀಡರ್", ಅಂದರೆ ಹಾಡುಗಳ ಪುಸ್ತಕ. 1827ರಲ್ಲಿ ಹ್ಯಾಂಬರ್ಗ್‌ನ ಹಾಫ್‌ಮನ್ ಉಂಡ್ ಕಾಂಪೆ ಪ್ರಕಟಿಸಿದ್ದು. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ, ಅಪ್ಪಾ ಬಳವಂತ ಚೌಕದಲ್ಲಿ ಸಿಗುವಂಥದ್ದೇ ಸಾಕು. ಎಡಪುಟದಲ್ಲಿ ಜರ್ಮನ್ ಪದ್ಯ ಕೈಯಲ್ಲೇ ಬರೆಯಿರಿ. ಬಲಪುಟ ನಿಮ್ಮ ಕನ್ನಡಕ್ಕೆ ಅಂತ ಖಾಲಿ ಬಿಡಿ. ವಾರಕ್ಕೆ ಒಂದೇ ಪದ್ಯ. ಜಾಸ್ತಿ ಬೇಡ. ಜಾಸ್ತಿ ಓದಿದರೆ ಎಲ್ಲಾ ಪದ್ಯವೂ ಹೂವು, ಬೆಳದಿಂಗಳು, ಕಣ್ಣೀರು ಅಂತ ಒಂದೇ ಥರ ಕಾಣುತ್ತದೆ. ನಿಜ ಹೇಳಬೇಕೆಂದರೆ ಒಂದಷ್ಟು ಪದ್ಯ ಹಾಗೇ ಇವೆ ಕೂಡ.

ಆಮೇಲೆ ಗಟ್ಟಿಯಾಗಿ ಓದಿ. ಇದನ್ನು ತಪ್ಪಿಸಬೇಡಿ. ಈ ಪದ್ಯಗಳು ಕಣ್ಣಿಗೆ ಬರೆದವಲ್ಲ. ತೊಡೆ ಮೇಲೆ ತಾಳ ಹಾಕಿದರೆ ಸಾಲಿಗೆ ಮೂರೋ ನಾಲ್ಕೋ ಪೆಟ್ಟು ಬೀಳುತ್ತದೆ, ನಡುವಿನ ಸಣ್ಣ ಅಕ್ಷರಗಳು ಹೇಗೋ ಓಡಿ ಸೇರಿಕೊಳ್ಳುತ್ತವೆ. ಹೈನೆ ಈ ಧಾಟಿಯನ್ನು ಕಲಿತದ್ದು ಜನಪದ ಹಾಡುಗಳಿಂದ, ಜೊತೆಗೆ ವಿಲ್ಹೆಲ್ಮ್ ಮುಲ್ಲರ್ ಅನ್ನುವ ಕವಿಯಿಂದ. 1826ರಲ್ಲಿ ಅವನಿಗೇ ಕಾಗದ ಬರೆದು ಈ ಸಾಲ ಒಪ್ಪಿಕೊಂಡಿದ್ದ. ಆ ವಿಲ್ಹೆಲ್ಮ್ ಮುಲ್ಲರ್‌ನ ಮಗನೇ ಋಗ್ವೇದದ ಮ್ಯಾಕ್ಸ್ ಮುಲ್ಲರ್. ಅಂದರೆ ನೀವು ಬೋಟ್ ಕ್ಲಬ್ ರಸ್ತೆಯಲ್ಲಿ ಕೂತು ಡೆರ್, ಡೀ, ಡಾಸ್ ಉರು ಹೊಡೆದ ಕಟ್ಟಡಕ್ಕೆ ಹೈನೆಗೆ ಧಾಟಿ ಕೊಟ್ಟವನ ಮಗನ ಹೆಸರು. ಇದು ಗೊತ್ತಾದ ದಿನ ನನಗೆ ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಹೇಳಿದರೆ ಆಫೀಸಿನಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ.

ಇನ್ನು ಆ ಡೆರ್, ಡೀ, ಡಾಸ್, ಅಂದರೆ ನಾಮಪದ ಗಂಡೋ ಹೆಣ್ಣೋ ನಪುಂಸಕವೋ ಅಂತ ಹೇಳುವ ಮುಂಪದಗಳು. ಕನ್ನಡಿಗರಿಗೆ ಇದೊಂದು ಶನಿ. ನಮಗೆ ಮರ ಅಂದರೆ ಅದು, ಮೇಜು ಅಂದರೆ ಅದು, ಮುಗಿಯಿತು. ಪುಣೆಗೆ ಬಂದ ಹೊಸದರಲ್ಲಿ "ಮಾಝಾ ಗಾಡಿ" ಅಂದು ಗ್ಯಾರೇಜಿನವನಿಂದ ನಗಿಸಿಕೊಂಡವನು ನಾನು. ಗಾಡಿ ಹೆಣ್ಣಂತೆ, "ಮಾಝೀ" ಅನ್ನಬೇಕಂತೆ. ಮರಾಠಿಯ ತೊ, ತೀ, ತೇ ಎದುರು ಸೋತವನು ಜರ್ಮನ್ ಎದುರು ಗೆಲ್ಲುತ್ತಾನಾ? ಹಾಗಾಗಿ ವ್ಯಾಕರಣದ ಪಟ್ಟಿ ಬಿಟ್ಟು ಎರಡನೇ ವಾರ ಈ ಪದ್ಯ ಹಿಡಿಯಿರಿ: "ಐನ್ ಫಿಷ್ಟನ್‌ಬೌಮ್ ಷ್ಟೇಟ್ ಐನ್‌ಸಾಮ್". ಬಡಗಣದ ಬೋಳು ಗುಡ್ಡದ ಮೇಲೆ ಒಂದು ಮರ, ಒಂಟಿ. ಅದಕ್ಕೆ ತೂಕಡಿಕೆ. ಹಿಮವೂ ಮಂಜುಗಡ್ಡೆಯೂ ಬಿಳಿ ಹೊದಿಕೆ ಹೊದಿಸಿವೆ. ಅದರ ಕನಸಿನಲ್ಲಿ ಒಂದು ತಾಳೆ ಮರ. ದೂರದ ಮೂಡಣ ನಾಡಿನಲ್ಲಿ, ಕಾದ ಬಂಡೆಯ ಮೇಲೆ, ಅದೂ ಒಂಟಿ, ಮಾತಿಲ್ಲದೆ ಮರುಗುತ್ತಿದೆ.

ಫಿಷ್ಟನ್‌ಬೌಮ್ ಜರ್ಮನ್‌ನಲ್ಲಿ ಗಂಡು, ಪಾಲ್ಮೆ ಹೆಣ್ಣು. ಪ್ರೀತಿ ಅನ್ನುವ ಪದ ಪದ್ಯದಲ್ಲಿ ಎಲ್ಲೂ ಇಲ್ಲ. ವ್ಯಾಕರಣವೇ ಆ ಕೆಲಸ ಮಾಡಿಬಿಡುತ್ತದೆ. ರಷ್ಯಾದ ಕವಿ ಲೆರ್ಮಂತೊವ್ ಇದನ್ನು ಅನುವಾದಿಸಿದಾಗ ಅವನ ಭಾಷೆಯಲ್ಲಿ ಎರಡೂ ಮರ ಹೆಣ್ಣಾಗಿ, ಪದ್ಯ ಬರೀ ಒಂಟಿತನದ ಪದ್ಯವಾಯಿತು. ಕನ್ನಡದಲ್ಲಿ ಎರಡೂ "ಅದು". ಏನು ಮಾಡುತ್ತೀರಿ? ಒಬ್ಬರು ಗೆಳತಿ "ತೆಂಗಿನ ಮರ, ಅಡಿಕೆ ಮರ ಅಂತ ಮಾಡಿ, ಪರಸ್ಪರ ನೋಡಿಕೊಂಡಿರಲಿ" ಅಂದರು. ಅವರು ಶಿರಸಿಯವರು, ಎಲ್ಲದಕ್ಕೂ ಅಡಿಕೆಯೇ ಪರಿಹಾರ. ಒಂದು ಮಾತ್ರ ನನಗೆ ಖುಷಿ ಕೊಟ್ಟಿತು. ಜರ್ಮನ್‌ನ "ಮೋರ್ಗನ್‌ಲಾಂಡ್" ಅಂದರೆ ಅಕ್ಷರಶಃ ಬೆಳಗಿನ ನಾಡು. ನಮ್ಮ ಮೂಡಣವೂ ಅದೇ, ಸೂರ್ಯ ಮೂಡುವ ಕಡೆ. ಲಿಂಗ ಕೈಕೊಟ್ಟರೂ ದಿಕ್ಕು ಕೈಹಿಡಿಯಿತು.

ಮೂರನೇ ವಾರದ ಪದ್ಯಕ್ಕೆ ನಮ್ಮ ಊರಿನ ಕಣ್ಣೇ ಬೇಕು. "ಡೀ ಲೋಟೋಸ್‌ಬ್ಲೂಮೆ", ತಾವರೆ ಹೂವು. ತಾವರೆಗೆ ಸೂರ್ಯನ ಪ್ರಖರತೆ ಅಂದರೆ ಹೆದರಿಕೆಯಂತೆ, ತಲೆ ತಗ್ಗಿಸಿ ಕನಸು ಕಾಣುತ್ತಾ ರಾತ್ರಿಗಾಗಿ ಕಾಯುತ್ತದಂತೆ, ಚಂದ್ರನೇ ಅದರ ನಲ್ಲನಂತೆ. ಓದಿದ ಕೂಡಲೇ ಕನ್ನಡ ಓದುಗನ ಕೈ ಮೇಲೇಳುತ್ತದೆ: ಸ್ವಾಮಿ, ಅದು ತಾವರೆಯಲ್ಲ, ನೈದಿಲೆ! ತಾವರೆಗೆ ಸೂರ್ಯ, ನೈದಿಲೆಗೆ ಚಂದ್ರ ಅಂತ ನಮ್ಮ ಕವಿಗಳು ಸಾವಿರ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಹೈನೆ ಭಾರತಕ್ಕೆ ಬಂದವನೇ ಅಲ್ಲ. ಗಂಗೆಯ ಬಯಲಿಗೆ ಹಾಡಿನ ರೆಕ್ಕೆ ಮೇಲೆ ಹಾರೋಣ ಬಾ ಅಂತ ಇನ್ನೊಂದು ಪದ್ಯ ಬರೆದ, ಅಲ್ಲಿ ಬುದ್ಧಿವಂತ ಜಿಂಕೆಗಳು ಕುಣಿದು ಬಂದು ಕಿವಿಗೊಡುತ್ತವೆ. ಅದನ್ನು ಓದಿ ನಮ್ಮ ಮುಳಾ-ಮುಠಾ ನದಿಯನ್ನು ಬಂಡ್ ಗಾರ್ಡನ್ ಹತ್ತಿರ ಒಂದು ಸಲ ನೋಡಿ ಬನ್ನಿ, ಸಾಕು. ಆದರೂ ಪದ್ಯ ಬಿಡಬೇಡಿ. ಜರ್ಮನ್‌ನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ಹೂವು ಹೆಣ್ಣು. ಅವನ ಭಾಷೆಗೆ ಈ ತಪ್ಪೇ ಸರಿ.

ಇಷ್ಟರಲ್ಲಿ ಕೆಲವನ್ನು ಹಾಡಾಗಿ ಕೇಳಿ. ಸಂಗೀತಗಾರ ಶೂಮನ್ 1840ರಲ್ಲಿ ಹೈನೆಯ 16 ಪದ್ಯಗಳಿಗೆ ರಾಗ ಹಾಕಿದ, "ಡಿಷ್ಟರ್‌ಲೀಬೆ" ಅಂತ. ಮೊದಲನೆಯದು "ಸೊಗಸಾದ ಮೇ ತಿಂಗಳಲ್ಲಿ, ಮೊಗ್ಗೆಲ್ಲ ಒಡೆದಾಗ". ಮೇ ಅಂದಾಕ್ಷಣ ಪುಣೆಯ ಮೇ ನೆನಪಿಸಿಕೊಳ್ಳಬೇಡಿ, ಕೂಲರ್ ಶಬ್ದ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಅಲ್ಲಿಯ ಮೇ ಅಂದರೆ ನಮ್ಮ ಯುಗಾದಿಯ ಚಿಗುರು. ಬಲಪುಟದಲ್ಲಿ ಚೈತ್ರ ಅಂತಲೇ ಬರೆದುಕೊಳ್ಳಿ, ನಾನು ಹಾಗೇ ಮಾಡಿದೆ.

ಈಗ ಮುಖ್ಯ ವಿಷಯ. ಹೈನೆಯ ಮೊದಲ ಮೂರು ಸಾಲು ನಂಬಬೇಡಿ. ಕೊನೆಯ ಸಾಲಿನಲ್ಲಿ ಅವನು ಚಿವುಟುತ್ತಾನೆ. ಇದನ್ನು ಹಿಡಿಯದಿದ್ದರೆ ಅವನು ಬರೀ ಅಳುಬುರುಕ ಕವಿಯಾಗಿ ಕಾಣುತ್ತಾನೆ. ಅಭ್ಯಾಸಕ್ಕೆ "ಡಾಸ್ ಫ್ರಾಯ್‌ಲೈನ್ ಷ್ಟಾಂಡ್ ಆಮ್ ಮೇರೆ" ತಗೊಳ್ಳಿ. ಹುಡುಗಿಯೊಬ್ಬಳು ಸಮುದ್ರದ ದಡದಲ್ಲಿ ನಿಂತು ಉದ್ದಕ್ಕೆ ನಿಟ್ಟುಸಿರು ಬಿಡುತ್ತಾಳೆ. ಸೂರ್ಯಾಸ್ತ ನೋಡಿ ಅವಳ ಎದೆ ತುಂಬಿ ಬಂದಿದೆ. ಕವಿ ಹೋಗಿ ಏನು ಹೇಳುತ್ತಾನೆ? ತಂಗೀ, ಬೇಜಾರು ಮಾಡ್ಕೋಬೇಡ, ಇದು ಹಳೇ ನಾಟಕ. ಈ ಕಡೆ ಮುಳುಗುತ್ತಾನೆ, ಹಿಂದಿನಿಂದ ವಾಪಸ್ ಬರುತ್ತಾನೆ. ಸಂಜೆ ವೇತಾಳ ಟೇಕಡಿ ಹತ್ತಿ ಮೊಬೈಲ್ ಎತ್ತಿ ಹಿಡಿದು ನಿಂತವರನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ನಾನೂ ಮೊಬೈಲ್ ಹಿಡಿದೇ ನಿಂತಿರುತ್ತೇನೆ, ಅದು ಬೇರೆ ಮಾತು.

ಎಲ್ಲರಿಗೂ ಗೊತ್ತಿರುವ "ಲೋರೆಲೈ" ಪದ್ಯದಲ್ಲಿ ಚಿವುಟು ಸಣ್ಣದು, ಹುಡುಕಬೇಕು. ರೈನ್ ನದಿಯ ಪಕ್ಕದ 132 ಮೀಟರ್ ಎತ್ತರದ ಬಂಡೆ, ಮೇಲೆ ಕೂತು ಚಿನ್ನದ ಕೂದಲು ಬಾಚುತ್ತಾ ಹಾಡುವ ಹೆಣ್ಣು, ಕೆಳಗೆ ದೋಣಿಯವನು. ಇದು ಹಳೇ ಕಾಲದ ಕತೆ ಅಂತ ಹೈನೆಯೇ ಹೇಳುತ್ತಾನೆ. ಆದರೆ ಆ ಹೆಣ್ಣನ್ನು ಬ್ರೆಂಟಾನೊ ಅನ್ನುವ ಕವಿ ಹುಟ್ಟಿಸಿದ್ದು 1801ರಲ್ಲಿ, ಅಂದರೆ ಹೈನೆ ಬರೆಯುವಾಗ ಕತೆಗೆ ಕಾಲು ಶತಮಾನವೂ ಆಗಿರಲಿಲ್ಲ. ಕೊನೆಗೆ ದೋಣಿ ಮುಳುಗುವ ಹೊತ್ತಿಗೆ "ಇಷ್ ಗ್ಲೌಬೆ" ಅನ್ನುತ್ತಾನೆ. ಅಲೆಗಳು ಅವನನ್ನೂ ದೋಣಿಯನ್ನೂ ನುಂಗಿದವು "ಅನ್ಸುತ್ತೆ". ಅಷ್ಟು ದೊಡ್ಡ ದುರಂತಕ್ಕೆ ಒಂದು ಅನ್ಸುತ್ತೆ! ಬಲಪುಟದಲ್ಲಿ ಈ ಪದ ಬಿಟ್ಟರೆ ಪದ್ಯವೇ ಬಿಟ್ಟಂತೆ.

ಗದ್ಯದಲ್ಲೂ ಅವನಿಗೆ ಇದೇ ಚಟ. ಹಾರ್ಟ್ಸ್ ಬೆಟ್ಟಗಳ ಪ್ರವಾಸಕಥನ ಶುರುವಾಗುವುದೇ "ಗಟ್ಟಿಂಗನ್ ಪಟ್ಟಣ, ತನ್ನ ಸಾಸೇಜ್ ಮತ್ತು ಯೂನಿವರ್ಸಿಟಿಗೆ ಹೆಸರುವಾಸಿ" ಅಂತ. ಧಾರವಾಡದವರು ಫೇಡೆ ಮತ್ತು ಯೂನಿವರ್ಸಿಟಿ ಅಂತ ಓದಿಕೊಳ್ಳಿ, ಪುಣೆಯವರು ಬಾಕರವಡಿ ಅಂತ. ಯಾವುದು ಮೊದಲು ಬಂತು ನೋಡಿದಿರಾ? ಅವನಿಗೆ ಕಾನೂನು ಡಾಕ್ಟರೇಟ್ ಕೊಟ್ಟ ಊರು ಅದು.

ಬದುಕಿನ ಕತೆಯನ್ನು ಇಷ್ಟು ಹೊತ್ತು ಬೇಕಂತಲೇ ತಡೆದಿದ್ದೆ. ಹತ್ತು ಪದ್ಯ ಆದ ಮೇಲೆ ಓದಿ, ಆಗ ಕಚ್ಚಿಕೊಳ್ಳುತ್ತದೆ. ಹುಟ್ಟಿದ್ದು 1797, ಮನೆಯಲ್ಲಿ ಕರೆಯುತ್ತಿದ್ದದ್ದು ಹ್ಯಾರಿ ಅಂತ. ಅಪ್ಪ ಬಟ್ಟೆ ವ್ಯಾಪಾರಿ. ಹ್ಯಾಂಬರ್ಗ್‌ನ ಬ್ಯಾಂಕರ್ ಚಿಕ್ಕಪ್ಪ ಸಾಲೊಮನ್ ಹುಡುಗನಿಗೆ ಒಂದು ಬಟ್ಟೆ ಅಂಗಡಿ ಹಾಕಿಕೊಟ್ಟ, ವರ್ಷದೊಳಗೆ ಮುಳುಗಿತು. ಚಿಕ್ಕಪ್ಪನ ಮಗಳು ಅಮಾಲಿಯನ್ನು ಪ್ರೀತಿಸಿದ, ಅದೂ ಆಗಲಿಲ್ಲ. 1825ರಲ್ಲಿ ಕ್ರೈಸ್ತನಾದ, ಯಹೂದಿಯಾಗಿದ್ದರೆ ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ. ಆದ ಮೇಲೂ ಸಿಗಲಿಲ್ಲ. 1831ರಲ್ಲಿ ಪ್ಯಾರಿಸ್‌ಗೆ ಹೋದವನು ಕೊನೆತನಕ ಅಲ್ಲೇ. 1835ರಲ್ಲಿ ಜರ್ಮನ್ ಸಂಸ್ಥಾನಗಳು ಅವನ ಬರಹ ನಿಷೇಧಿಸಿದವು. ಹೆಂಡತಿ ಮಟಿಲ್ಡ್‌ಗೆ ಜರ್ಮನ್ ಬರುತ್ತಿರಲಿಲ್ಲ, ಗಂಡ ದೊಡ್ಡ ಕವಿಯಂತೆ ಅಂತ ಬೇರೆಯವರಿಂದ ಕೇಳಿ ತಿಳಿದುಕೊಳ್ಳಬೇಕಿತ್ತು. 1848ರಿಂದ ಎಂಟು ವರ್ಷ ಪಾರ್ಶ್ವವಾಯು ಬಡಿದು ಹಾಸಿಗೆ. ತನ್ನ ಹಾಸಿಗೆಯನ್ನು "ಮಟ್ರಾಟ್ಸನ್‌ಗ್ರುಫ್ಟ್", ಹಾಸಿಗೆ ಗೋರಿ ಅಂದ. ಅಲ್ಲೇ ಮಲಗಿ "ರೊಮಾನ್‌ಟ್ಸೇರೊ" ಸಂಕಲನ ಮುಗಿಸಿದ. 1856ರ ಫೆಬ್ರವರಿ 17ರಂದು ತೀರಿಕೊಂಡ. ಗೋರಿ ಪ್ಯಾರಿಸ್‌ನ ಮೊಂಮಾರ್ತ್‌ನಲ್ಲಿದೆ.

ಸತ್ತ ಮೇಲೂ ಊರವರು ಸುಮ್ಮನಿರಲಿಲ್ಲ. ಡುಸ್ಸೆಲ್‌ಡಾರ್ಫ್ ಬೇಡ ಅಂದ ಅವನ ಸ್ಮಾರಕ ಕಾರಂಜಿ 1899ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋಗಿ ನಿಂತಿತು. ಡುಸ್ಸೆಲ್‌ಡಾರ್ಫ್ ಯೂನಿವರ್ಸಿಟಿಗೆ ಅವನ ಹೆಸರಿಡಬೇಕೋ ಬೇಡವೋ ಅಂತ ವರ್ಷಾನುಗಟ್ಟಲೆ ಜಗಳ, 1988ರಲ್ಲಿ ತೀರ್ಮಾನವಾಯಿತು. 1933ರ ಮೇ 10ರಂದು ನಾಜಿಗಳು ಬರ್ಲಿನ್‌ನಲ್ಲಿ ಪುಸ್ತಕ ಸುಟ್ಟ ಜಾಗದಲ್ಲಿ ಈಗ ಅವನದೇ ಸಾಲು ಕೆತ್ತಿದ್ದಾರೆ: ಪುಸ್ತಕ ಸುಡುವಲ್ಲಿ ಕೊನೆಗೆ ಮನುಷ್ಯರನ್ನೂ ಸುಡುತ್ತಾರೆ. ಅದು "ಅಲ್ಮನ್ಸೋರ್" ನಾಟಕದ್ದು. ನಾಟಕದಲ್ಲಿ ಸುಡುವುದು ಕುರಾನನ್ನು, ಊರು ಗ್ರಾನಾಡಾ. ಅವನು ಬರೆದದ್ದು 1820ರ ದಶಕದಲ್ಲಿ.

ಎ2 ದಾಟಿ ಬಿ1 ತನಕ ಹೋದವರು ಈಗ "ಡಾಯ್ಚ್‌ಲಾಂಡ್, ಐನ್ ವಿಂಟರ್‌ಮೇರ್ಷನ್", ಅಂದರೆ "ಜರ್ಮನಿ, ಒಂದು ಚಳಿಗಾಲದ ಕತೆ" ಅನ್ನುವ ನೀಳ್ಗವನ ಹಿಡಿಯಬಹುದು. 27 ಭಾಗ ಇದೆ, ಮೊದಲ ಎರಡು ಸಾಕು. ಮೊದಲನೆಯದರಲ್ಲಿ ಭೂಮಿ ಮೇಲೆ ಎಲ್ಲರಿಗೂ ರೊಟ್ಟಿ ಸಿಗಲಿ, ಗುಲಾಬಿಯೂ ಸಿಗಲಿ, ಸಿಹಿ ಬಟಾಣಿಯೂ ಸಿಗಲಿ ಅನ್ನುತ್ತಾನೆ. ಎರಡನೆಯದರಲ್ಲಿ ಗಡಿಯಲ್ಲಿ ಕಸ್ಟಮ್ಸ್‌ನವರು ಪೆಟ್ಟಿಗೆ ಕೆದಕಿ ಅಂಗಿ, ಕರ್ಚೀಫು ಎಲ್ಲಾ ಹುಡುಕುತ್ತಾರೆ, ಮೂರ್ಖರಾ, ಕಳ್ಳಮಾಲು ಇರೋದು ನನ್ನ ತಲೆಯಲ್ಲಿ ಅಂತ ಇವನು ನಗುತ್ತಾನೆ. ಉಳಿದ ಭಾಗಗಳಲ್ಲಿ ಆ ಕಾಲದ ರಾಜಕೀಯ ಜಾಸ್ತಿ, ಟಿಪ್ಪಣಿ ಇಲ್ಲದೆ ಅರ್ಥವಾಗುವುದಿಲ್ಲ. ನಾನು ಅರ್ಧದಲ್ಲಿ ನಿಲ್ಲಿಸಿದೆ.

ಕೊನೆಗೆ ನೇಕಾರರ ಪದ್ಯ. 1844ರ ಜೂನ್‌ನಲ್ಲಿ, ಆಗ ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯದಲ್ಲಿದ್ದ ಸೈಲೀಸಿಯಾದ ನೇಕಾರರು ಕೂಲಿ ಸಾಲದೆ ವ್ಯಾಪಾರಿಗಳ ಮನೆಗೆ ನುಗ್ಗಿದರು. ಮುಂದಿನ ತಿಂಗಳೇ ಪ್ಯಾರಿಸ್‌ನ "ಫೋರ್ವೆರ್ಟ್ಸ್" ಪತ್ರಿಕೆಯಲ್ಲಿ ಈ ಪದ್ಯ ಬಂತು. ಪ್ರಷ್ಯಾದಲ್ಲಿ ನಿಷೇಧವಾಯಿತು. ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಇಂಗ್ಲಿಷ್‌ಗೆ ತಂದ. ಕತ್ತಲುಗಣ್ಣಿನಲ್ಲಿ ನೀರಿಲ್ಲ, ಮಗ್ಗದ ಮುಂದೆ ಕೂತು ಹಲ್ಲು ಕಡಿಯುತ್ತಾರೆ: ಜರ್ಮನಿ, ನಿನ್ನ ಹೆಣದ ಬಟ್ಟೆ ನೇಯುತ್ತೇವೆ, ಮೂರು ಶಾಪ ಸೇರಿಸಿ ನೇಯುತ್ತೇವೆ. ಕಿವಿಗೊಡದ ದೇವರಿಗೊಂದು, ಸಿರಿವಂತರ ರಾಜನಿಗೊಂದು, ಸುಳ್ಳು ತಾಯ್ನಾಡಿಗೊಂದು. ಜರ್ಮನ್ನರು ತಂದೆನಾಡು ಅನ್ನುತ್ತಾರೆ. ಪ್ರತಿ ಚರಣದ ಕೊನೆಗೆ "ವೀರ್ ವೇಬನ್, ವೀರ್ ವೇಬನ್!" ಲಾಳಿ ಅತ್ತ ಒಮ್ಮೆ, ಇತ್ತ ಒಮ್ಮೆ.

ಇದನ್ನು ಓದುವ ಕ್ರಮ ಬೇರೆ. ನಿಘಂಟು ಮುಚ್ಚಿಡಿ, ಮಗ್ಗ ಗೊತ್ತಿರುವವರನ್ನು ಕೇಳಿ. "ಡಾಸ್ ಷಿಫ್ಶನ್ ಫ್ಲೀಗ್ಟ್, ಡೆರ್ ವೇಬ್‌ಷ್ಟೂಲ್ ಕ್ರಾಖ್ಟ್" ಅನ್ನುವ ಸಾಲಿಗೆ ನಿಘಂಟು ನೋಡಿದರೆ ಪುಟ್ಟ ಹಡಗು ಹಾರುತ್ತದೆ ಅಂತ ಬರುತ್ತದೆ. ಹಡಗಲ್ಲ, ಲಾಳಿ. ನಾನು ಅಪ್ಪನಿಗೆ ಫೋನ್ ಮಾಡಿ, ಮಗ್ಗ ಮುರಿದುಹೋಗುವ ಹಾಗೆ ಸದ್ದು ಮಾಡಿದರೆ ಏನಂತೀರಿ ಅಂತ ಕೇಳಿದೆ. ಅವರು ಇಪ್ಪತ್ತು ವರ್ಷ ಸೀರೆ ನೇಯ್ದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದರು. ಬರೆದುಕೊಳ್ಳಲು ಹೋದೆ, ಅಕ್ಷರಕ್ಕೆ ಬರಲಿಲ್ಲ.

ಆಮೇಲೆ ಅವರು ಕೇಳಿದರು. "ಮುಂದ ಅವರಿಗೆ ಮಜೂರಿ ಜಾಸ್ತಿ ಆತೇನು?"

ಇಲ್ಲ ಅಪ್ಪಾ, ಸೈನ್ಯ ಬಂತು, ಲಾಂಗನ್‌ಬೀಲೌ ಅನ್ನೋ ಊರಲ್ಲಿ ಹನ್ನೊಂದು ಜನ ಸತ್ತರು ಅಂದೆ.

"ಹೂಂ" ಅಂದರು. "ಇನ್ನೊಮ್ಮೆ ಓದು ಅದನ್ನ. ಅವರ ಭಾಷಾದಾಗ ಓದು."